ದನಿಹಾಸು ಕಳೆದ ಮನೆಯಿಂದ ದಾನೇಶ್ವರಿಗೆ

ಗಜೇಂದ್ರಗಡ, ಕೆಳಓಣಿ, ಹದಿನೇಳನೇ ಹಗೇವು
ಇಸವಿ 2193, ಎರಡನೇ ವೈಶಾಖದ ಮೂವತ್ತೆರಡನೇ ದಿನ

ದಾನೇಶ್ವರಿ,

ನಿನ್ನನ್ನು ಏನೆಂದು ಕರೆಯಬೇಕು ಎಂಬಲ್ಲಿಗೇ ನನ್ನ ಪೆನ್ನು ಬಹಳ ಹೊತ್ತು ನಿಂತುಬಿಟ್ಟಿತ್ತು. ನೀನು ನನ್ನ ಮುತ್ತಜ್ಜಿಯ ಅವ್ವ. ಆದರೆ ನಾನು ಬಲ್ಲ ನಿನಗೆ ಇಪ್ಪತ್ತೊಂದು ವರ್ಷ, ನನಗೆ ಎಪ್ಪತ್ನಾಲ್ಕು. ಯಾರು ಯಾರ ಕಾಲಿಗೆ ಬೀಳಬೇಕೋ ತಿಳಿಯದೆ ಹೆಸರು ಹಿಡಿದೇ ಕರೆದಿದ್ದೇನೆ. ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಅನ್ನಬೇಡ. ಬೇಸಿಗೆ ಹಿಗ್ಗಿ ಹಿಗ್ಗಿ ಅರ್ಧ ವರ್ಷವಾದ ಮೇಲೆ ಪಂಚಾಂಗದವರು ವೈಶಾಖವನ್ನು ಎರಡು ಮಾಡಿ, ಎರಡನೆಯದಕ್ಕೆ ನಲವತ್ತು ದಿನ ಕೊಟ್ಟರು. ಮಾತೂ ಹಾಗೆಯೇ ಅಲ್ಲಲ್ಲಿ ಹಿಗ್ಗಿದೆ. ನಿನಗೆ ಗೊತ್ತಿರಲಾರದ ಶಬ್ದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಶಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಹಳೆಯ ಯಂತ್ರಗಳ ಬೆನ್ನಿಗೆ ಅಂಟಿಸಿದ ಚೀಟಿ ಓದಿ. ತಪ್ಪಿದ್ದರೆ ತಿದ್ದಿಕೋ.

ನಿಮ್ಮ ಕಾಲದಲ್ಲಿ ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ ಆಗಿತ್ತಂತೆ. ನಾವು ಅದನ್ನೇ ಅಗಲ ಮಾಡಿ, ಮೆಟ್ಟಿಲು ಕಡಿದು, ಒಳಗೆ ಬದುಕುತ್ತೇವೆ. ಬಿಸಿಲಿಗಂಜಿ ಮುಂಜಾನೆ ಎಂಟಕ್ಕೆ ಬಾಗಿಲು ಮುಚ್ಚಿದರೆ ಸಂಜೆ ಆರರ ತನಕ ಯಾರೂ ಮೇಲೆ ಹೋಗುವುದಿಲ್ಲ. ಆ ಹತ್ತು ತಾಸು ಕಳೆಯುವುದು ಹೇಗೆ? ಮಗ್ಗ ಇದ್ದವರು ನೇಯುತ್ತಾರೆ, ಉಳಿದವರು ಆಡುತ್ತಾರೆ. ಹೌದು, ಕಂಪ್ಯೂಟರಿನಲ್ಲೇ. ಈಗ ಎಲ್ಲರೂ ಆಡುವ ಆಟದ ಹೆಸರು ಹಗಲೋಣಿ. ಮಟಮಟ ಮಧ್ಯಾಹ್ನ ಊರ ಓಣಿಗಳಲ್ಲಿ ಸೈಕಲ್ ಓಡಿಸುವುದು, ಅಷ್ಟೇ ಆಟ. ನಿನಗೆ ನಗು ಬಂದೀತು. ನನ್ನ ಮೊಮ್ಮಗಳು ಚಂಪಾ ಮಧ್ಯಾಹ್ನದ ಓಣಿಯನ್ನು ಬೇರೆಲ್ಲೂ ಕಂಡಿಲ್ಲ.

ಹೊಸ ಯಂತ್ರಗಳು ನಮ್ಮ ಕಡೆ ಬರುವುದು ನಿಂತು ಅರವತ್ತು ವರ್ಷವಾಯಿತು. ಹಳೆಯವನ್ನೇ ಬಿಚ್ಚಿ, ಒಂದರ ಮೆಮೊರಿ ಇನ್ನೊಂದಕ್ಕೆ ಕೂಡಿಸಿ, ಡಿಸ್ಕುಗಳನ್ನು ಅಳಿಸಿ ಮತ್ತೆ ಹಂಚಿಕೊಂಡು ನಡೆಸುತ್ತೇವೆ. ಈ ಕೆಲಸಕ್ಕೆ ಮರುಗೂಡಿಕೆ ಅನ್ನುತ್ತೇವೆ. ನಲವತ್ತು ವರ್ಷದಿಂದ ಈ ಓಣಿಯ ಮರುಗೂಡಿಕೆಯೆಲ್ಲ ನನ್ನ ಕೈಯದೇ. ಕಲಿಯುವವರಿಗೆಂದು ಅರವತ್ತು ಪುಟದ ಪುಸ್ತಕವನ್ನೂ ಬರೆದಿದ್ದೇನೆ. ಇದನ್ನು ಹೇಳುವಾಗ ಮೊದಲೆಲ್ಲ ನನ್ನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಈಗ ದನಿಹಾಸು ಅಂದರೇನು ಹೇಳಬೇಕು. ಕೂಸಿಗೆ ಹೆಸರಿಡುವ ದಿನ, ಮನೆತನದಲ್ಲಿ ಉಳಿದಿರುವ ಎಲ್ಲಕ್ಕಿಂತ ಹಳೆಯ ದನಿಯನ್ನು ತೊಟ್ಟಿಲ ಕೆಳಗೆ ಹಚ್ಚುತ್ತೇವೆ, ಕೌದಿ ಹಾಸಿದ ಹಾಗೆ. ಅದನ್ನು ಕೇಳಿ ಕೂಸು ಬೆಚ್ಚಬೇಕು. ಬೆಚ್ಚಿದರೆ ದನಿ ತಾಗಿತು ಎಂದರ್ಥ, ಆಮೇಲೆ ಕಿವಿಯಲ್ಲಿ ಹೆಸರು. ಒಬ್ಬರ ಮನೆಯಲ್ಲಿ ವಚನ ಹೇಳುವ ಅಜ್ಜನ ದನಿ ಇರುತ್ತದೆ, ಇನ್ನೊಬ್ಬರಲ್ಲಿ ಸೋಬಾನೆಯ ಮುತ್ತೈದೆ. ನಮ್ಮ ಮನೆಯಲ್ಲಿ ನೀನಿದ್ದೆ. ನೀನು ಕಂಪ್ಯೂಟರ್ ಬಿಚ್ಚಿ ಹೊಸ ಸಾಮಾನು ಕೂಡಿಸಿ, ಆಟ ಹೇಗೆ ಓಡುತ್ತದೆ ನೋಡೋಣ ಎಂದು ರೆಕಾರ್ಡ್ ಮಾಡಿದ ಮೂವತ್ತೆಂಟು ನಿಮಿಷ. "ಹದಿನಾರು ಜಿಬಿ ರ‍್ಯಾಮ್ ಹಾಕೀನಿ, ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕುಂದ್ರಿಸೀನಿ, ಇನ್ನರ ತೊದಲೂದು ಬಿಡ್ತೈತೇನ ನೋಡೂಣ" ಎಂದು ಶುರು ಮಾಡುತ್ತೀ. ಆಮೇಲೆ ಆಟದಲ್ಲಿ ಜೊತೆಗಿದ್ದ ಗೆಳೆಯನೊಬ್ಬನಿಗೆ ಬೈಗುಳದ ಅಭಿಷೇಕ. "ಲೇ ವಿರೂಪಾ, ಗ್ವಾಡಿ ಹಿಂದ ಕ್ವಾಣನಂಗ ಕುಂತೀಯಲ್ಲೋ! ಹೊರಗ ಬಾ, ಮಂಗಳಾರತಿ ಮಾಡ್ತೀನಿ!" ಈ ಮಾತಿಗೆ ನನ್ನ ಅಜ್ಜಿ ಬೆಚ್ಚಿದ್ದಳು, ಅವ್ವ ಬೆಚ್ಚಿದ್ದಳು, ನಾನು ಬೆಚ್ಚಿ ತೊಟ್ಟಿಲು ಒದ್ದಿದ್ದೆನಂತೆ. ಬೀಗರು ಮುಸಿಮುಸಿ ನಗುತ್ತಿದ್ದರು. ನಮಗೆ ಅದರಲ್ಲೊಂದು ಹೆಮ್ಮೆ.

ಅಂಥ ದನಿಗೆ ಒಂದೇ ಪ್ರತಿ ಏಕೆ ಎಂದು ಕೇಳುತ್ತೀ. ಡಿಸ್ಕು ಸಾಲುವುದಿಲ್ಲವೆಂದು ಊರವರೇ ಮಾಡಿಕೊಂಡ ಕಟ್ಟಳೆ: ಒಂದು ಮನೆಗೆ ಒಂದು ಡಿಸ್ಕು. ಹನ್ನೆರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಹಳೆಯದನ್ನು ಅಳಿಸಿ ಊರಿಗೆ ಒಪ್ಪಿಸಬೇಕು. ನಿನ್ನನ್ನು ನಾನೇ ಮೂರು ಸಲ ಹಾಗೆ ಇಳಿಸಿದ್ದೆ. ಇಳಿಸುವ ಮೊದಲು ಪ್ರತಿಸಲವೂ ಮೂವತ್ತೆಂಟು ನಿಮಿಷ ಕೂತು ಪೂರ್ತಿ ಕೇಳುವುದು ನನ್ನ ಪದ್ಧತಿ.

ಈ ಸಲ ಕೇಳಲಿಲ್ಲ. ಚಂಪಾಳಿಗೆ ದಿನ ತುಂಬುತ್ತಿತ್ತು. ಮೂರು ತಿಂಗಳಿಂದ ವೈದ್ಯರು ಹಾಸಿಗೆ ಬಿಟ್ಟು ಏಳಬಾರದೆಂದಿದ್ದರು. ಅವಳಿಗೆ ಇದ್ದದ್ದು ಹಗಲೋಣಿ ಒಂದೇ, ಅದೂ ನಮ್ಮ ಯಂತ್ರದಲ್ಲಿ ತೊದಲುತ್ತಿತ್ತು. ಎಂಟು ಜಿಬಿ ಮೆಮೊರಿ, ಕಂಠಮಟ್ಟ ತುಂಬಿದ ಡಿಸ್ಕು. ಅವಳ ಸೈಕಲ್ ತಿರುವಿನಲ್ಲಿ ನಿಂತುಬಿಡುತ್ತಿತ್ತು, ಬೇರೆ ಊರಿನ ಗೆಳತಿಯರು ಮುಂದೆ ಹೋಗಿ "ಚಂಪೀ, ಸೈಕಲ್ಲಿಗೆ ಎತ್ತ ಹೂಡೀಯೇನ?" ಎಂದು ಛೇಡಿಸುತ್ತಿದ್ದರು. ಇವಳು ನಗುತ್ತಿದ್ದಳು, ಆಮೇಲೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದಳು. ಹನ್ನೆರಡು ವರ್ಷ ತುಂಬಲು ಇನ್ನೂ ಎರಡಿತ್ತು. ಊರವರನ್ನು ಕಾಡಿ ಬೇಡಿ ಒಂದು ದೊಡ್ಡ ಡಿಸ್ಕು, ಹದಿನಾರರ ಎರಡು ಮೆಮೊರಿ ಪಟ್ಟಿ ತಂದೆ.

ಮೆಮೊರಿ ಮೊದಲು ಕೂಡಿಸಿದೆ. ಪಟ್ಟಿಯ ಕಚ್ಚು ಗೂಡಿನ ಉಬ್ಬಿಗೆ ಸರಿಯಾಗಿ ಕೂತು ಎರಡೂ ಕಡೆ ಟಕ್ ಅಂದಿತು. ಯಂತ್ರ ಎದ್ದು ಮೂವತ್ತೆರಡು ಎಂದು ತೋರಿಸಿತು. ಚಂಪಾ ಹಾಸಿಗೆಯಿಂದಲೇ ಒಂದು ಸುತ್ತು ಓಡಿಸಿ, "ಅಜ್ಜೀ, ಬೆಣ್ಣಿಯಂಗ ಹೊಂಟೈತಿ!" ಎಂದು ಕೂಗಿದಳು. ಆ ಕೂಗಿನ ಹುರುಪಿನಲ್ಲೇ ನಾನು ಡಿಸ್ಕಿಗೆ ಕೈ ಹಾಕಿದೆ.

ಡಿಸ್ಕು ಇಳಿಸಲು ನಮ್ಮಲ್ಲಿ ಜೋಡಿಗೂಡು ಎಂಬ ಪೆಟ್ಟಿಗೆಯಿದೆ. ಮೊದಲ ಗೂಡಿನಲ್ಲಿ ಇದ್ದದ್ದನ್ನು ಎರಡನೇ ಗೂಡಿಗೆ ಇದ್ದ ಹಾಗೆಯೇ ಸುರಿಯುತ್ತದೆ, ಯಾವುದು ಏನೆಂದು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಒಂದು ರೂಢಿ: ಹೊಸದಾಗಿ ಬಂದವರಿಗೆ ಮೊದಲ ಮಣೆ. ಸೊಸೆ ಬರಲಿ, ಕರು ಬರಲಿ, ಹೊಸ ಮಗ್ಗ ಬರಲಿ, ಅರಿಶಿನ ಕುಂಕುಮ ಹಚ್ಚಿ ಮೊದಲ ಜಾಗದಲ್ಲಿ ಕೂರಿಸಿ, ಹಳಬರು ಸರಿದು ಕೂರಬೇಕು. ಬೇರೆಯವರ ಮನೆಯಲ್ಲಿ ಈ ಕೆಲಸ ಮಾಡುವಾಗ ಕುಂಕುಮ ಇಡುವುದಿಲ್ಲ, ಪುಸ್ತಕದ ಪ್ರಕಾರ ನಡೆಯುತ್ತೇನೆ. ಇದು ನಮ್ಮ ಮನೆ, ಬಸುರಿ ಹುಡುಗಿ ಎದುರಿಗಿದ್ದಾಳೆ, ಶುಭ ಆಗಲಿ ಎಂದು ಹೊಸ ಡಿಸ್ಕಿನ ಮೂಲೆಗೆ ಬೊಟ್ಟು ಇಟ್ಟೆ, ಮೊದಲ ಗೂಡಿನಲ್ಲಿ ಕೂರಿಸಿದೆ, ಹಳೆಯದನ್ನು ಎರಡನೆಯದರಲ್ಲಿ. ಗುಂಡಿ ಒತ್ತಿದೆ. ಹದಿನೆಂಟು ನಿಮಿಷ ಹಸಿರು ದೀಪ ಮಿಣುಕುತ್ತಿತ್ತು, ನಾನು ಎದುರಿಗೆ ಕೂತು ಬೆಳ್ಳುಳ್ಳಿ ಸುಲಿದೆ. ಬರಿದಾದ ಡಿಸ್ಕು ತನ್ನ ಬರಿದನ್ನೆಲ್ಲ ನಿನ್ನ ಮೇಲೆ ಸುರಿಯಿತು.

ನನ್ನ ಪುಸ್ತಕದ ಹನ್ನೊಂದನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದೆ: ಗುಂಡಿ ಒತ್ತುವ ಮೊದಲು ಎರಡೂ ಡಿಸ್ಕಿನ ಹೆಸರು ಬಾಯಿ ಬಿಟ್ಟು ಓದು.

ಎರಡನ್ನೂ ತೆರೆದು ನೋಡಿದೆ. ಮತ್ತೆ ನೋಡಿದೆ. ನನಗೆ ಗೊತ್ತಿದ್ದ ಉಪಾಯವನ್ನೆಲ್ಲ ನಾಲ್ಕು ದಿನ ಮಾಡಿದೆ. ಅಳಿಸಿ ಹೋದದ್ದಾದರೆ ಕೆದಕಿ ತೆಗೆಯಬಹುದು, ಮೇಲೆ ಸುರಿದದ್ದಕ್ಕೆ ಮದ್ದಿಲ್ಲ. ಹಗಲೋಣಿಯನ್ನು ಊರವರಿಗೆಲ್ಲ ಸೇರಿದ ಯಂತ್ರದಿಂದ ಅವತ್ತೇ ಮತ್ತೆ ತಂದುಕೊಂಡೆ. ಹೊಸ ಡಿಸ್ಕಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಚಂಪಾಳಿಗೆ ನಾನು ಹೇಳಿರಲಿಲ್ಲ. ಅವಳು ಮಧ್ಯಾಹ್ನವಿಡೀ ಗೆಳತಿಯರನ್ನು ಹಿಂದೆ ಹಾಕಿ ಕೇಕೆ ಹೊಡೆಯುತ್ತಿದ್ದಳು. ಈ ಮನೆಯಲ್ಲಿ ಅಂಥ ನಗು ಕೇಳಿ ವರ್ಷವಾಗಿತ್ತು. ಹೇಗೆ ಹೇಳಲಿ? ಐದನೇ ದಿನ ಹೇಳಿದೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. "ನನ್ನ ಸಲುವಾಗೇ ಮಾಡಿದಿ ಅಲ್ಲ, ಅಜ್ಜಿ" ಎಂದಳು. ಯಂತ್ರ ಆರಿಸಿ ಮೇಲೆ ಒಂದು ಸೀರೆಯ ತುಂಡು ಹೊದಿಸಿದಳು. ಅವತ್ತಿನಿಂದ ಅದನ್ನು ಮುಟ್ಟಿಲ್ಲ.

ಎರಡು ವಾರಕ್ಕೆ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ಬಂದವರೆದುರು ನಾನೇ ಎದ್ದು ನಿಂತು, ದನಿ ಇಲ್ಲ, ಕಳೆದವಳು ನಾನು ಎಂದೆ. ಒಂದಿಬ್ಬರು ಅಳತೊಡಗಿದರು. ಪಕ್ಕದ ಹಗೇವಿನ ಮಮ್ತಾಜಬಿ ನನ್ನ ಕೈ ಹಿಡಿದು, "ನಮ್ಮ ತಾತಾಂದು ಹಚ್ಚೂಣ ಅಕ್ಕಾ. ಉಳ್ಳಾಗಡ್ಡಿ ಮಾರೂದ ಬಿಟ್ರ ಬ್ಯಾರೆ ಮಾತಿಲ್ಲ, ಆದ್ರ ದನಿ ಭಾಳ ಗಟ್ಟಿ" ಎಂದಳು. ಅಳುತ್ತಿದ್ದವರೂ ನಕ್ಕರು. ನನ್ನ ತಮ್ಮ ಈರಬಸಪ್ಪ ಬ್ಯಾಡ ಎಂದ, ನಮಗೆಲ್ಲ ಬಾಯಿಪಾಠ ಐತಿ, ನಾನೇ ಹೇಳ್ತೀನಿ ಎಂದ. ಅಲ್ಲಿಗೆ ಜಗಳ ಶುರು. ಕ್ವಾಣ ಅಲ್ಲ, ಕತ್ತೆ ಎಂದಿದ್ದಳು ಎಂದು ಒಬ್ಬರು. ಮಂಗಳಾರತಿ ಮೊದಲೋ, ಗ್ವಾಡಿ ಮೊದಲೋ ಎಂದು ಇನ್ನೊಬ್ಬರು. ಕೊನೆಗೆ ಅವನು ತೊಟ್ಟಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎಪ್ಪತ್ತರ ಮುದುಕ, ಇಪ್ಪತ್ತೊಂದರ ನಿನ್ನ ಹಾಗೆ ಕೂಗಿದ. ಒಂದಕ್ಷರ ತಪ್ಪಲಿಲ್ಲ. ಕೂಸು ಬೆಚ್ಚಲಿಲ್ಲ. ಅವನ ಮುಖವನ್ನೇ ನೋಡಿತು, ಆಕಳಿಸಿತು. ಇನ್ನೊಮ್ಮೆ ಕೂಗಿದ. ಆಮೇಲೆ ಚಂಪಾ "ಸಾಕು ಬಿಡು ಅಜ್ಜಾ" ಎಂದು ತಾನೇ ಬಗ್ಗಿ ಹೆಸರು ಹೇಳಿದಳು. ಸುಗಲಾ ಎಂದು ಇಟ್ಟಿದ್ದೇವೆ. ನಮ್ಮ ಮನೆತನದಲ್ಲಿ ದನಿ ತಾಗದೆ ಹೆಸರು ಹೊತ್ತ ಮೊದಲ ಕೂಸು.

ಈ ಕಾಗದ ಬರೆಯಲು ಕೂತಾಗ ನಿನ್ನನ್ನು ಬೇಡಬೇಕೆಂದಿದ್ದೆ: ಇನ್ನೊಂದು ಪ್ರತಿ ಮಾಡು ತಾಯಿ, ಯಾರ ಮನೆಯಲ್ಲಾದರೂ ಇಡು, ನನ್ನ ಕೈಗೆ ಮಾತ್ರ ಸಿಗದ ಹಾಗೆ ಇಡು ಎಂದು. ಅರ್ಧ ಬರೆಯುವಷ್ಟರಲ್ಲಿ ಮನಸ್ಸು ಬೇರೆ ಕಡೆ ಹೋಯಿತು.

ಅವತ್ತು ತೊಟ್ಟಿಲ ಸುತ್ತ ಅಷ್ಟು ಜನ ಜಗಳಾಡಿದರಲ್ಲ, ಮೂವತ್ತೊಂದನೇ ನಿಮಿಷದ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿಯ ತನಕ ಯಾರೂ ಕೇಳುತ್ತಿರಲಿಲ್ಲ, ಬೈಗುಳ ಮುಗಿದ ಕೂಡಲೇ ಆರಿಸಿಬಿಡುತ್ತಿದ್ದರು. ಪೂರ್ತಿ ಕೇಳಿದವಳು ನಾನೊಬ್ಬಳೇ. ಹಿಂದೆ, ದೂರದಲ್ಲಿ, ಅಡಿಗೆಮನೆಯಿಂದ ಒಂದು ಹೆಂಗಸಿನ ದನಿ ಬರುತ್ತದೆ, ನಿನ್ನ ಅವ್ವನದೇ ಇರಬೇಕು. "ದಾನವ್ವಾ, ರೊಟ್ಟಿ ಬಿಸಿ ಅದಾವ, ಬಾ." ನೀನು "ಬಂದೆ" ಎನ್ನುತ್ತೀ. ಮತ್ತೆ ಕರೆಯುತ್ತಾಳೆ. ಬಂದೆ. ಮೂರನೇ ಸಲಕ್ಕೆ ನೀನು ಉತ್ತರ ಕೊಡುವುದಿಲ್ಲ, ಕಿವಿಗೆ ಏನೋ ಹಾಕಿಕೊಂಡಿರಬೇಕು. ನಾಲ್ಕನೆಯದು ಕರೆದಂತೆಯೂ ಇಲ್ಲ, ತನ್ನಷ್ಟಕ್ಕೇ ಅಂದುಕೊಂಡಂತಿದೆ. ಆಮೇಲೆ ತಾಟಿನ ಮೇಲೆ ತಾಟು ಮುಚ್ಚುವ ಸಪ್ಪಳ. ಆಮೇಲೆ ನೀನು ಗೆಲ್ಲುತ್ತೀ.

ಅವಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ದಾನೇಶ್ವರಿ. ಮನೆಯ ದನಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಅವಳದಾಗಿತ್ತು. ನಾವು ಒಂದು ದಿನವೂ ಅದನ್ನು ತೊಟ್ಟಿಲಿಗೆ ಹಾಸಲಿಲ್ಲ.

ಆದ್ದರಿಂದ ಬೇಡುವುದು ಇಷ್ಟೇ. ನೀನು ರ‍್ಯಾಮ್ ಕೂಡಿಸು, ಡಿಸ್ಕು ಬದಲಿಸು, ಸ್ಕ್ರೂ ಬಿಗಿ ಮಾಡು, ನಿನ್ನ ವಿರೂಪನನ್ನು ಗೋಡೆಯ ಹಿಂದಿನಿಂದ ಎಳೆದು ತಾ, ಎಷ್ಟು ಬೇಕೋ ಅಷ್ಟು ಬೈ. ಆದರೆ ಅವಳು ಮೊದಲನೇ ಸಲ ಕರೆದಾಗ ಎದ್ದು ಹೋಗು. ರೆಕಾರ್ಡು ಅಲ್ಲಿಗೇ ತುಂಡಾದರೆ ಆಗಲಿ. ನಮಗೆಂದು ಏನೂ ಉಳಿಸಬೇಡ, ಉಳಿಸಿದ್ದನ್ನು ನಾನು ಕಾಯಲಾರದೆ ಹೋದೆ. ಅವಳ ಎದುರು ಕೂತು ಉಣ್ಣು. ಅವಳು ಏನಾದರೂ ಹೇಳುತ್ತಿದ್ದರೆ ಪೂರ್ತಿ ಕೇಳಿ ಏಳು.

ನಿನ್ನ ಮರಿಮೊಮ್ಮಗಳ ಮಗಳು,
ನೀಲಗಂಗವ್ವ