ಥರ್ಮೋಕೋಲ್ ಗುಡ್ಡ

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಕಂದು ಬಣ್ಣ. ಮೊದಲು ಮಣ್ಣು, ಆಮೇಲೆ ಹುಲ್ಲು — ಅಣ್ಣನ ಅಪ್ಪಣೆ. ಪುಟ್ಟ ಹಳಿಗಳಿಗೆ ಟೇಪ್ ಅಂಟಿಸಿ ಅರ್ಧ ಮೇಜು ಬಳಿದಾಯಿತು. ಅವನ ಆಟದ ರೈಲಿಗೆ ಊರು ಕಟ್ಟುವುದು ನನ್ನ ತಲೆಯ ಮೇಲೆ ಬಿತ್ತು. ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದವನು ನಾನು!

ಅಣ್ಣ ಆಸ್ಪತ್ರೆಯಲ್ಲಿ. ಒಂದು ಕಣ್ಣು ಹೋಗಿ ವರ್ಷವಾಯಿತು. ಉಳಿದದ್ದಕ್ಕೆ ನಾಳೆ ಆಪರೇಷನ್. “ಕಟ್ಟು ಬಿಚ್ಚಿದ್ಮೇಲೆ ಮೊದ್ಲು ನನ್ನ ಗುಡ್ಡ ನೋಡ್ಬೇಕು ಕಣೋ” ಅಂದಿದ್ದಾನೆ. ಥರ್ಮೋಕೋಲ್ ಗುಡ್ಡ. ಕಣ್ಣು ಮಂಜಾದ ಮೇಲೆ ಬೆರಳಲ್ಲೇ ತಡವಿ ತಡವಿ ಕೆತ್ತಿದ್ದು. ಸುರಂಗದ ಪಕ್ಕ ಹೆಬ್ಬೆರಳಷ್ಟು ಗುಳಿ — ಅದು ಕೆರೆಯಂತೆ.

ಮಾರ್ಚ್ 5

ಆಪರೇಷನ್ ಮುಗಿಯಿತು. ಡಾಕ್ಟರ್ ಮುಖ ಕೊಟ್ಟು ಮಾತಾಡಲಿಲ್ಲ.

ನೀರಿನ ಬಣ್ಣ ಖಾಲಿ. ಅಂಗಡಿಗೆ ಹೋಗಲು ಸೋಮಾರಿತನ. ಬೋರ್ಡಿನ ಆಯಿಲ್ ಪೇಂಟ್ ತೆಗೆದೆ. “ಅವ್ರು ನೀರಿನ ಬಣ್ಣಾನೇ ಅಂದಿದ್ರಲ್ಲಪ್ಪಾ” ಎಂದರು ಅತ್ತಿಗೆ. “ನಂಗೆ ಬಣ್ಣ ಹೇಳ್ಕೊಡ್ಬೇಡಿ ಅತ್ತಿಗೆ.” ಥಿನ್ನರ್ ಧಾರಾಳವಾಗಿ ಬೆರೆಸಿ ಗುಡ್ಡಕ್ಕೆ ಬಳಿದೆ.

ಬ್ರಷ್ ತೊಳೆದು ಬರುವಷ್ಟರಲ್ಲಿ ಗುಡ್ಡ ಕುಸಿದಿತ್ತು. ಥಿನ್ನರ್ ಥರ್ಮೋಕೋಲನ್ನೇ ತಿಂದುಹಾಕಿತ್ತು. ತಗಡು, ಮರ ಬಿಟ್ಟರೆ ನನಗೇನು ಗೊತ್ತು?

ಮಾರ್ಚ್ 9

ಮೂರು ದಿನ ಬರೆಯಲಾಗಲಿಲ್ಲ. ಪೇಪರ್ ಚೂರು, ಅಂಟು, ಪ್ಲಾಸ್ಟರ್... ಹೊಸ ಗುಡ್ಡ ಎದ್ದಿದೆ. ಕಂದು ಬಳಿದೆ — ನೀರಿನದ್ದೇ. ಕಣ್ಣಿಗೆ ಅದೇ ಗುಡ್ಡ. ಕೈಗೆ ಒರಟು, ಕಲ್ಲಿನಂತೆ ಗಟ್ಟಿ. ಗುಳಿಯನ್ನು ನನ್ನ ಹೆಬ್ಬೆರಳಲ್ಲೇ ಒತ್ತಿದೆ. ಅಣ್ಣನದು ಇನ್ನೂ ದಪ್ಪ.

“ನೀನೇ ಹೇಳ್ಬಿಡು” ಎಂದರು ಅತ್ತಿಗೆ.

“ಕಣ್ಣು ಬಂದ್ರೆ ನೋಡ್ತಾನೆ. ಮುಟ್ಟೋದ್ಯಾಕೆ?”

ನನಗೆ ನಾಚಿಕೆ, ಭಯ ಎರಡೂ.

ಮಾರ್ಚ್ 12, ಮಧ್ಯಾಹ್ನ

ಬೆಳಿಗ್ಗೆ ಕಟ್ಟು ಬಿಚ್ಚಿದರು. “ಕಾಣ್ತಿದ್ಯಾ ಅಣ್ಣಾ?” ಎಂದರೆ “ಹ್ಞೂಂ” ಅಷ್ಟೇ.

ಮನೆಗೆ ಬಂದವನೇ ರೈಲಿನ ಕೋಣೆಗೆ ನಡೆದ. ಬಾಗಿಲ ಚೌಕಟ್ಟಿಗೆ ಭುಜ ತಾಗಿತು. ನಿಂತ. ನಕ್ಕ.

“ಎಷ್ಟು ಚೆನ್ನಾಗಿ ಬಳಿದಿದ್ದೀಯೋ! ಮಣ್ಣು ಅಂದ್ರೆ ಮಣ್ಣು!”

ಗುಡ್ಡ ಅವನ ಎಡಕ್ಕಿತ್ತು. ಅವನು ಮುಖ ಮಾಡಿದ್ದು ಬರೀ ಗೋಡೆಗೆ.

ಅತ್ತಿಗೆ ನನ್ನನ್ನೇ ನೋಡಿದರು. ಅಣ್ಣ ಮೇಜಿನ ಅಂಚು ಹುಡುಕಿದ. ಹಳಿ ಸಿಕ್ಕಿತು. ಹಳಿ ಹಿಡಿದೇ ಬೆರಳು ಸುರಂಗದ ತನಕ ಸರಿದವು. ಹೆಬ್ಬೆರಳು ಗುಳಿ ಹುಡುಕುತ್ತಿತ್ತು...

“ಅಣ್ಣಾ,” ಎಂದೆ, “ಅದು —”