ಹಾಯಿಯೊಳಗಿನ ಮರಿಗಳು

ರೀ, ಕೊಪ್ಪಳದಾಗ ಮೀನು ಮಾರಿ ಬಂದಕೂಡ್ಲೆ, ಗಾಳಿ ಛಲೋ ಐತಿ ಅಂತ ದೋಣಿಗೆ ಹಾಯಿ ಏರಿಸಬ್ಯಾಡ್ರಿ. ಮಡಚಿಟ್ಟ ಹಾಯಿಯೊಳಗ ನಮ್ಮ ಕರಿಬೆಕ್ಕು ಮೂರು ಮರಿ ಹಾಕೈತಿ. ಮುಂಜಾನೆ ಅವು ಅಳೋದು ಕೇಳಿ ನೋಡಿದೆ, ಇನ್ನೂ ಕಣ್ಣು ಬಿಟ್ಟಿಲ್ಲ.

ನಿನ್ನೆ ಮೀನು ಕದ್ದು ತಿಂತಂತ ಅದಕ್ಕ ಹೊಡದು, ಹಿನ್ನೀರಿನ ಆಚಿ ದಂಡಿಗೆ ಇಳಿಸಿ, ದೋಣಿ ಈಚಿಗೆ ತಂದುಬಿಟ್ಟೆ. ಬಾಣಂತಿ ಹಸಿವು ಎಂಥಾದಂತ ನನಗ ಗೊತ್ತಿರಲಿಲ್ಲೇನು? ನೀವೂ ಅದಕ್ಕ ಭಾಳ ಸದರ ಕೊಟ್ಟಿದ್ರಿ. ಇರಲಿ ಬಿಡ್ರಿ.

ಹರಗೋಲು ತಗೊಂಡು ಅದನ್ನ ಕರಿಯಾಕ ಹೊಂಟೀನಿ. ಚಾಕ್ಕ ಇಟ್ಟ ಹಾಲಿನ್ಯಾಗ ಹತ್ತಿ ಅರಳಿ ಅದ್ದಿ ಮರಿಗೆ ಕುಡಿಸ್ರಿ. ನಿಮಗ ರೊಟ್ಟಿ, ಚಟ್ನಿ ಐತಿ. ದೊಡ್ಡ ಮೀನು ಹುಡುಕಬ್ಯಾಡ್ರಿ, ಬೆಕ್ಕಿಗಂತ ಒಯ್ದೀನಿ. ಹೊಡದ ಕೈಲೆ ಕರದ್ರ ಬರತೈತೋ ಇಲ್ಲೋ.

ಅಮರಮ್ಮ