ಕಂಬದ ಹಿಂದಿನ ಸೀಟು

ಜೂನ್ ೩, ಮಂಗಳವಾರ. ಬೆಳಗ್ಗೆ

ಇವರಿಗೆ ಇಸ್ತ್ರಿ ಮಾಡಿದ ಶರಟೇ ಬೇಕಂತೆ. ಹೋಗುವುದು ಎಲ್ಲಿಗೆ? ಅದೇ ಟಾಕೀಸಿಗೆ. ತಿದ್ದಿದರು: "ಚರ್ಚು ಕಣೇ, ಚರ್ಚು ಅನ್ನು." ನನ್ನ ಬಾಯಿಗೆ ಟಾಕೀಸೇ ಬರುವುದು. ಇಲ್ಲವೇ ಸವತಿ.

ಮದುವೆಯಾದಾಗಿನಿಂದ ಆ ಕಟ್ಟಡ ನನ್ನ ಸವತಿಯೇ. ಇವರು ಅಲ್ಲಿ ಪ್ರೊಜೆಕ್ಟರ್ ಆಪರೇಟರ್. ಭಾನುವಾರ ಮನೆಯಲ್ಲಿಲ್ಲ, ಮಗಳಿಗೆ ಜ್ವರ ಬಂದರೂ ಇಲ್ಲ... ಟಾಕೀಸು ಮುಚ್ಚಿದ ದಿನ ಇವರು ಗಳಗಳ ಅತ್ತರು. ನಾನು ಸೆರಗು ಅಡ್ಡ ಹಿಡಿದು ನಕ್ಕೆ. ಪೀಡೆ ತೊಲಗಿತು, ಇನ್ನು ಗಂಡ ನನಗೆ ಅಂತ. ಆಮೇಲೆ ಅದು ಗೋಡೌನ್ ಆಯಿತು. ಈಗ ಚರ್ಚಿನವರು ಕೊಂಡಿದ್ದಾರೆ. ಹಳೇ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಮೈಕು, ಲೈಟು ನೋಡಿಕೊಳ್ಳಿ ಎಂದು ಕರೆದರು. ಸರಿ, ಕಾಲಿಗೆ ಚಕ್ರ ಕಟ್ಟಿಕೊಂಡು ಹೊರಟೇಬಿಟ್ಟರು.

ಜೂನ್ ೫

ಪಾಸ್ಟರ್ ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಅದೇ ತೊಂದರೆ. "ಅಮ್ಮಾ, ಉದ್ಘಾಟನೆ ದಿನ ಕಟ್ಟಡದ ಚರಿತ್ರೆ ಯಜಮಾನ್ರೇ ಹೇಳ್ಬೇಕು. ಇವರಷ್ಟು ಗೊತ್ತಿರೋರು ಇನ್ಯಾರಿದ್ದಾರೆ?" ಇವರು ಉಬ್ಬಿಹೋದರು. ಕಾಫಿ ಕೊಟ್ಟೆ. ಸಕ್ಕರೆ ಹಾಕುವುದು ಮರೆತೆ. ಮರೆತೆ ಅಂತಲೇ ಬರೆದಿಡೋಣ.

ಜೂನ್ ೮, ಭಾನುವಾರ

ಕನ್ನಡಿ ಮುಂದೆ ಭಾಷಣದ ಪ್ರಾಕ್ಟೀಸು. ಅಡುಗೆಮನೆಯಿಂದ ಎಲ್ಲ ಕೇಳಿಸಿತು. ಟಾಕೀಸಿನ ಧಣಿಯ ತಾತ ನಾಟಕಕ್ಕೆಂದು ಕಟ್ಟಿಸಿದ್ದು. ಆಮೇಲೆ ಮೂಕಿ ಪಿಕ್ಚರ್, ಆಮೇಲೆ ಮಾತಾಡುವ ಪಿಕ್ಚರ್. ಹೊಳೆ ಉಕ್ಕಿದಾಗ ಬೀದಿಯ ಜನವೆಲ್ಲ ಬಾಲ್ಕನಿಯಲ್ಲಿ ಮಲಗಿದ್ದು. ಮ್ಯಾಟಿನಿಗೆ ತಪ್ಪದೆ ಬರುತ್ತಿದ್ದ ಧಣಿಯ ನಾಯಿ. ಆಮೇಲೆ ಜಂಬ — "ಮೊದಲ ಶೋ ಅರ್ಧ ಆಗೋಷ್ಟರಲ್ಲೇ ಪಿಕ್ಚರ್ ಓಡುತ್ತೋ ಮಲಗುತ್ತೋ ಹೇಳಿಬಿಡ್ತಿದ್ದೆ. ಒಂದ್ಸಲಾನೂ ತಪ್ಪಿಲ್ಲ!"

ನಾಯಿಗೂ ಚರಿತ್ರೆಯಲ್ಲಿ ಜಾಗ ಇದೆ. ನನ್ನ ಹೆಸರೇ ಇಲ್ಲ.

ನಾನೂ ಅಲ್ಲಿದ್ದೆನಲ್ಲ! ಹೊಸ ಪಿಕ್ಚರ್ ಬಂದರೆ ಮೊದಲ ಶೋಗೆ ಫ್ರೀ ಪಾಸು. ಯಾವ ಸೀಟು? ಕಂಬದ ಹಿಂದಿನದು. ದುಡ್ಡು ಕೊಟ್ಟು ಯಾರೂ ಕೂರದ್ದು. ಅರ್ಧ ಪರದೆ ಕಂಬದ ಪಾಲು. ಹೀರೋ ಕಣ್ಣಲ್ಲಿ ನೀರು ಹಾಕಿಕೊಂಡು "ನೀನಿಲ್ಲದೆ ಬದುಕಲ್ಲ" ಅನ್ನುತ್ತಿದ್ದ. ಯಾರಿಗೆ ಅಂದ ಅಂತ ಜೊತೆಗೆ ಬಂದಿದ್ದ ಪಕ್ಕದ ಮನೆಯವಳನ್ನು ಕೇಳಬೇಕಿತ್ತು. ನಡುವಿನ ಸೀಟು ಕೊಡಿಸ್ರೀ ಅಂದರೆ, "ಅಲ್ಲೇ ಕೂತ್ಕೊ, ಅದೇ ಚೆನ್ನಾಗಿದೆ." ಪಕ್ಕದಲ್ಲಿ ಇವರು ಕೂತು ನೋಡಿದ ಪಿಕ್ಚರ್ ಒಂದೂ ಇಲ್ಲ.

ಜೂನ್ ೧೧

ಆರ್ಗನ್ ಮೇಡಂ ಅಂತೆ. ಚರ್ಚಿನ ಹಾಡಿಗೆ ಆರ್ಗನ್ ನುಡಿಸುವವರು. ಊಟಕ್ಕೆ ಕೂತರೆ ಮೇಡಂ ಹೀಗಂದ್ರು, ಮೇಡಂ ಹಾಗಂದ್ರು. "ಎಂಥಾ ಬೆರಳು ಕಣೇ!" ನನ್ನ ಬೆರಳು ಆಗ ಇವರ ತಟ್ಟೆಗೆ ಅನ್ನ ಬಡಿಸುತ್ತಿತ್ತು.

ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ಈ ವಯಸ್ಸಲ್ಲಿ ಹೊಟ್ಟೆಕಿಚ್ಚಾ?" ಅಂತ ಬಿದ್ದು ಬಿದ್ದು ನಕ್ಕಳು. ಯಾಕೆ, ವಯಸ್ಸಾದವರಿಗೆ ಹೊಟ್ಟೆ ಇರುವುದಿಲ್ಲವಾ?

ಜೂನ್ ೧೪, ಸಂಜೆ

ತಡೆಯಲಾಗಲಿಲ್ಲ. ಹೋದೆ. ಕ್ಯಾಬಿನ್ ಹತ್ತಿದ್ದು ಇದೇ ಮೊದಲು. ಆಗ ಧಣಿ ಯಾರನ್ನೂ ಬಿಡುತ್ತಿರಲಿಲ್ಲ.

ಇವರು ಗೋಡೆಯ ಕಿಂಡಿಗೆ ಮುಖ ಹಚ್ಚಿ ನಿಂತಿದ್ದರು. ಆಚೆ ಸರಿಸಿ ನಾನೂ ಇಣುಕಿದೆ. ಎದುರಿಗೆ, ಪರದೆ ಇದ್ದ ಕಡೆ, ಶಿಲುಬೆ. ಕೆಳಗಿನ ಹಾಲೆಲ್ಲ ಬಾಲ್ಕನಿಯ ಮರೆ. ಮೆಟ್ಟಿಲಿಗೆ ಬಿಟ್ಟ ಸಂದಿಯಲ್ಲಿ ಮಾತ್ರ ಒಂದು ತುಂಡು ಜಾಗ ಕಾಣುತ್ತದೆ — ಕಂಬದ ಹಿಂದಿನದು. ಅಲ್ಲಿ ಆರ್ಗನ್. ಅದರ ಮುಂದೆ ಒಂದು ಬಾಬ್ ಕಟ್ ತಲೆ. ಪಿತ್ತ ನೆತ್ತಿಗೇರಿತು.

"ದಿನಾ ಇದನ್ನೇ ನೋಡ್ತಿದ್ದೀರಾ?"

"ಈ ಕಿಂಡಿಯಿಂದ ಕೆಳಗೆ ಅದೊಂದೇ ಜಾಗ ಕಾಣೋದು ಕಣೇ. ಮೊದಲಿಂದಾನೂ."

"ಅದು ನನ್ನ ಸೀಟಿದ್ದ ಜಾಗ!"

"ಮತ್ತೆ?"

"ಮತ್ತೇನು ಮತ್ತೆ? ಅದನ್ನೂ ಅವಳಿಗೆ ಕೊಟ್ರಿ!"

ಇವರು ಹಣೆ ಚಚ್ಚಿಕೊಂಡರು. ನಾನು ದಡದಡ ಇಳಿದು ಬಂದೆ.

ಜೂನ್ ೧೫

ಕಾಫಿಗೆ ಇವತ್ತೂ ಸಕ್ಕರೆ ಮರೆತೆ.

ಜೂನ್ ೨೨, ಭಾನುವಾರ. ಸಂಜೆ

ಉದ್ಘಾಟನೆಗೆ ಹೋಗಬಾರದು ಅಂತಲೇ ಇದ್ದೆ. ಮಗಳು ಬಂದು ಎಳೆದುಕೊಂಡು ಹೋದಳು. ಕಾಲಿಡಲು ಜಾಗವಿಲ್ಲ. ನೋಡಿದರೆ — ಆರ್ಗನ್ ಮುಂದಕ್ಕೆ ಹೋಗಿದೆ. ಕಂಬದ ಹತ್ತಿರ ಸೌಂಡು ಒಡೆಯುತ್ತೆ ಅಂತ ಇವರೇ ಸರಿಸಿದರಂತೆ. ಕಂಬದ ಹಿಂದೆ ಒಂದು ಕುರ್ಚಿ. ಯಾರೂ ಕೂರದಂತೆ ಅದರ ಮೇಲೆ ಇವರ ಟವಲು.

ಕೂತೆ. ಮೈಕಿನ ಮುಂದೆ ನಿಂತ ಇವರು ಅರ್ಧವೇ ಕಂಡರು. ಅದೇ ದರಿದ್ರ ಕಂಬ.

ತಾತ ಆಯಿತು, ಹೊಳೆ ಆಯಿತು, ನಾಯಿಯೂ ಆಯಿತು. ಜಂಬದ ಮಾತೂ ಬಂತು. ನಾನು ಎದ್ದು ಹೋಗೋಣವೆಂದು ಚಪ್ಪಲಿ ಹುಡುಕುತ್ತಿದ್ದೆ. ಆಗ ಇವರು ಕೆಮ್ಮಿದರು.

"ಹೆಂಗಯ್ಯಾ ಗೊತ್ತಾಗುತ್ತೆ ಅಂತ ಧಣಿ ಕೇಳಿ ಕೇಳಿ ಸೋತ್ರು. ಇವತ್ತು ಹೇಳ್ತೀನಿ. ಕಂಬದ ಹಿಂದೆ ನನ್ನ ಹೆಂಡ್ತಿ ಕೂರ್ತಿದ್ಲು. ಅವಳ ತಲೆ ವಾಲಿದ್ರೆ ಪಿಕ್ಚರ್ ಒಂದೇ ವಾರ. ನೆಟ್ಟಗಿದ್ರೆ ನೂರು ದಿನ. ನಾನು ಪರದೆ ಎಲ್ಲಿ ನೋಡ್ತಿದ್ದೆ? ಬೇರೆ ಸೀಟು ಕೇಳ್ತಿದ್ಲು, ಪಾಪ. ಕೊಡಿಸ್ಲಿಲ್ಲ. ಬೇರೆಲ್ಲೇ ಕೂತ್ರೂ ನನಗೆ ಕಾಣ್ತಿರ್ಲಿಲ್ಲ."

ಇಡೀ ಚರ್ಚು ಕಂಬದ ಕಡೆ ತಿರುಗಿತು. ಚಪ್ಪಲಿ ಹುಡುಕುವುದು ಬಿಟ್ಟೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಲು ಏನು ಧಾಡಿ ಈ ಮನುಷ್ಯನಿಗೆ?

ಆಮೇಲೆ ಪಾಸ್ಟರ್ ಮಾತು. ಉದ್ದ. ತಲೆ ವಾಲೀತೆಂದು ಕತ್ತು ಬಿಗಿಹಿಡಿದು ಕೂತೆ — ಎಲ್ಲರ ಕಣ್ಣೂ ನನ್ನ ಮೇಲೇ. ಹೊರಡುವಾಗ ಆರ್ಗನ್ ಮೇಡಂ ಬಂದು ಕೈ ಹಿಡಿದುಕೊಂಡರು. "ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ ಅಮ್ಮಾ."

ಆಗಲಿ. ಸ್ವಲ್ಪ ಆಗಲಿ.

ಕರೆಯುತ್ತಿದ್ದಾರೆ. ಟೀವಿಯಲ್ಲಿ ಯಾವುದೋ ಹಳೇ ಪಿಕ್ಚರ್ ಅಂತೆ, ನಾನು ಬಲಗಡೆ ಅರ್ಧ ಮಾತ್ರ ನೋಡಿದ್ದು. ಸೋಫಾದಲ್ಲಿ ಪಕ್ಕಕ್ಕೆ ಟವಲು ಹಾಸಿ ಜಾಗ ಹಿಡಿದಿದ್ದಾರೆ. ಶುರುವಾಗಿಬಿಟ್ಟಿತು, ಪೂರ್ತಿ ಪರದೆ, ಇನ್ನು...